ಕಾಶ್ಯಪ ಗೋತ್ರದ ಟ್ರೆಂಟ್

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿ ಮೂಳೆ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ತಂದೆ, ಮಗಳು. ಕಾಲೇಜಿನಲ್ಲಿ ಸಾಕರ್ ಆಡುವ ಮಗಳ ಮೊಣಕಾಲಿಗೆ ಪಟ್ಟಿ ಕಟ್ಟಿತ್ತು. ಅಲುಗುತ್ತಲೇ ಇದ್ದುದು ತಂದೆಯ ಕಾಲು.

“ನಮ್ಮ ಟೀಮಿನ ರಿಸೀವರ್ ಟ್ರೆಂಟ್ ಮೂರು ಸರ್ಜರಿ ಆದ್ರೂ ವಾಪಸ್ ಬಂದ, ಸಂಯುಕ್ತಾ. ಎಂಥಾ ಕ್ಯಾಚು ಹಿಡೀತಿದ್ದ.” ತಂದೆ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನನ್ನು ನೆನೆದರು.

“ಪ್ರತಿ ಸಲ ನೀನು ಅವನ ಹೆಸರಲ್ಲಿ ಅರ್ಚನೆ ಮಾಡಿಸ್ತಿದ್ದೆ. ಗೋತ್ರ ಗೊತ್ತಿಲ್ಲ ಅಂತ ಕಾಶ್ಯಪ ಮಾಡ್ಬಿಟ್ಟೆ.”

“ಫಲ ಸಿಕ್ತಲ್ಲ.”

“ಇಪ್ಪತ್ತಾರಕ್ಕೇ ರಿಟೈರ್ ಆದ, ಅಪ್ಪಾ. ನೀನು ಟಿವಿ ಮುಂದೆ ಕೂತ್ಕೊಂಡು ಹೇಡಿ ಅಂದೆ.”

“ಸಿಟ್ಟಲ್ಲಿ ಅಂದಿದ್ದು.”

“ಇವತ್ತು ನಾನೂ ಡಾಕ್ಟರ್ ಹತ್ರ ಆಟ ಸಾಕು ಅಂತೀನಿ.”

ತಂದೆಯ ಕಾಲು ನಿಂತಿತು. ಅಷ್ಟರಲ್ಲಿ ನರ್ಸ್ ಕರೆದಳು. ತಂದೆ ಮಗಳಿಗೆ ಊರುಗೋಲು ಎತ್ತಿಕೊಟ್ಟರು.

“ನಾಳೆ ಅರ್ಚನೆಗೆ ಏನಂತ ಬೇಡ್ಕೊಳ್ಳಲಿ?”

“ಮಗಳು ನಡೀಲಿ ಅಂತ ಬೇಡ್ಕೋ. ಓಡ್ಲಿ ಅನ್ಬೇಡ.”

ಇಬ್ಬರೂ ನಿಧಾನವಾಗಿ ಒಳಗೆ ಹೋದರು.