ಹಸಿ ಮಡಕೆಗೆ ಬೆಂಕಿ ಕೊಡದ ತಿಪ್ಪಕ್ಕ

ಹೂಂಗುಟ್ಟೋರು ಹತ್ತಿರ ಬನ್ನಿ. ಊಹೂಂ ಅನ್ನೋರು ಬೇಲಿ ಆಚೆ ಕೂತ್ಕೊಳ್ಳಿ, ನನ್ನ ಗಂಟಲು ಅಲ್ಲಿಗೂ ಮುಟ್ತದೆ. ಈ ಸೀಮೇಲಿ ನನ್ನಂಗೆ ಕಥೆ ಹೇಳೋನು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ರೂ ಇನ್ನೂ ಮಾತು ಕಲಿತಿಲ್ಲ. ಕೇಳಿ ಮತ್ತೆ.

ಆಕಾಶ ಇಷ್ಟು ಎತ್ತರ ಇಲ್ಲದ ಕಾಲ. ಹೆಂಗಸರು ಒನಕೆ ಎತ್ತಿದ್ರೆ ಮೋಡಕ್ಕೆ ತಗಲ್ತಿತ್ತು. ಅಂಥ ಕಾಲದಲ್ಲಿ ಯಾವುದೋ ಒಂದು ರಾಜ್ಯ, ಅದಕ್ಕೊಬ್ಬ ರಾಜ. ಒಳ್ಳೆಯವನೇ. ಬಡವರನ್ನ ಕಂಡ್ರೆ ಅವನ ಕಣ್ಣಲ್ಲಿ ನೀರು. ಆದ್ರೆ ಬಡವರಿಗೆ ಏನು ಬೇಕು ಅಂತ ಗೊತ್ತಿತ್ತಾ? ಗೊತ್ತಿರ್ಲಿಲ್ಲ.

ಒಂದು ವರ್ಷ ಮನೆಗೊಂದು ಎಮ್ಮೆ ಕಳಿಸಿದ. ಎಮ್ಮೆ ಬಂತು, ಮೇವು ಬರಲಿಲ್ಲ. ಎಮ್ಮೆ ಮನೆ ಮೇಲಿನ ಹುಲ್ಲನ್ನೇ ತಿಂದು ಮುಗಿಸ್ತು. ಮಲಗಿದ್ದೋರು ಕಣ್ಣು ಬಿಟ್ರೆ ಮೇಲೆ ಸೂರ್ಯ! ಇನ್ನೊಂದು ವರ್ಷ ಎಲ್ಲರಿಗೂ ಮೆಟ್ಟು ಕಳಿಸಿದ. ಎಲ್ಲಾ ರಾಜನ ಪಾದದ ಅಳತೆ! ಬಡವರು ಏನ್ಮಾಡಿದ್ರು? ಕೂಸುಗಳನ್ನ ಅದರೊಳಗೆ ಮಲಗಿಸಿ ತೂಗಿದ್ರು. ಸುಳ್ಳಲ್ಲ. ನಮ್ಮ ಮುತ್ತಾತ ಅಂಥದೇ ಒಂದು ಮೆಟ್ಟಿನಲ್ಲಿ ಕೂತು ತುಂಬಿದ ಹೊಳೆ ದಾಟಿದ. ಇನ್ನೊಂದು ಮೆಟ್ಟು ಅವನಿಗೆ ಹುಟ್ಟು.

ಮೂರನೇ ವರ್ಷ ರಾಣಿಗೆ ಸಾಕಾಯ್ತು. "ಅಲ್ಲರೀ, ನಿಮ್ಮ ಕಾಲಿನ ಅಳತೆ ಬಿಡಿ. ದುಡ್ಡು ಕೊಡಿ. ಒಲೆ ಹಚ್ಚೋ ಹೆಂಗಸಿನ ಕೈಗೇ ಕೊಡಿ. ಏನು ಬೇಕೋ ಅವಳೇ ತಗೊಳ್ತಾಳೆ" ಅಂದ್ಲು.

ಮಂತ್ರಿ ಮೂಗು ಮುರಿದ. "ದೊರೆ, ಕೈಗೆ ದುಡ್ಡು ಕೊಟ್ರೆ ತಿಂದು ಮಲಗ್ತಾರೆ. ಬೇಕಾದ್ರೆ ಒಂದು ಮಳೆಗಾಲ ಕೊಟ್ಟು ನೋಡಿ. ಆಮೇಲೆ ಯಾವುದಾದ್ರೂ ಒಂದು ಮನೆಗೆ ನಾನೇ ಹೋಗಿ ಕಣ್ಣಾರೆ ನೋಡ್ತೀನಿ. ಅಲ್ಲೇನೂ ಕಾಣದಿದ್ರೆ ಇಡೀ ರಾಜ್ಯಕ್ಕೇ ನಿಲ್ಲಿಸಿಬಿಡಿ."

"ಆಗ್ಲಿ" ಅಂದ ರಾಜ.

ಈಗ ಅರಮನೆ ಬಿಟ್ಟು ಕುಂಬಾರಗೇರಿಗೆ ಬನ್ನಿ. ತಲೆ ಬಗ್ಗಿಸ್ಕೊಂಡು ಬನ್ನಿ, ಬಾಗಿಲು ಗಿಡ್ಡ. ಅಲ್ಲಿ ಓಬಯ್ಯ, ಅವನ ಹೆಂಡ್ತಿ ತಿಪ್ಪಕ್ಕ, ಇಬ್ಬರು ಹೆಣ್ಣುಮಕ್ಕಳು. ಓಬಯ್ಯನ ಕೈ ಅಂಥಿಂಥದ್ದಲ್ಲ. ಅವನು ತಿಗರಿ ತಿರುಗಿಸಿದ್ರೆ ಭೂಮಿ ತಿರುಗೋದು ನಿಧಾನ ಅನ್ನಿಸ್ತಿತ್ತು. ಅಂಥ ಕೈ ಇದ್ದೂ ಮನೇಲಿ ಗಂಜಿಗೆ ಗತಿಯಿಲ್ಲ. ಯಾಕೆ?

ಕೇಳಿ. ಹಸಿ ಮಡಕೆ ನೆರಳಲ್ಲಿ ಒಣಗಬೇಕು. ಸಂಪೂರ್ಣ ಒಣಗಬೇಕು. ಒಳಗೆ ತೇವ ಉಳಿದಿರುವಾಗ ಮಡಕೆ ಸುಡೋ ಆವಿಗೆಗೆ ಹಾಕಿ ಬೆಂಕಿ ಕೊಟ್ರೆ, ಢಂ! ಒಡೆದು ಚೂರು. ಮಡಕೆಯನ್ನ ಕೆನ್ನೆಗೆ ಒತ್ತಿ ನೋಡಿದ್ರೆ ಕುಂಬಾರರಿಗೆ ಗೊತ್ತಾಗ್ತದೆ. ತಣ್ಣಗಿದ್ರೆ ಇನ್ನೂ ತೇವ ಇದೆ ಅಂತ. ಓಬಯ್ಯನಿಗೂ ಗೊತ್ತು, ತಿಪ್ಪಕ್ಕನಿಗೂ ಗೊತ್ತು. ಆದ್ರೆ ಹೊಟ್ಟೆ ಕೆನ್ನೆಯ ಮಾತು ಕೇಳ್ತದಾ? ಮಕ್ಕಳು ಹಸಿವು ಅಂತ ಅತ್ತಾಗ ಬೆಂಕಿ ಹಚ್ಚಿಬಿಡೋರು. ಢಂ! ಅರ್ಧ ಒಡೀತು. ಉಳಿದದ್ದು ಮಾರಿ ತಿಂದ್ರು. ಮತ್ತೆ ಹಸಿವು, ಮತ್ತೆ ಬೆಂಕಿ. ಢಂ! ಹಿತ್ತಲಲ್ಲಿ ಒಡೆದ ಮಡಕೆಯ ಬೋಕಿ ಬಿಲ್ಲೆ ಬಿದ್ದು ಬಿದ್ದು ಒಂದು ಗುಡ್ಡವೇ ಆಗಿತ್ತು. ಆ ಗುಡ್ಡ ಹತ್ತಿ ನಿಂತ್ರೆ ಸಮುದ್ರ ಕಾಣ್ತಿತ್ತು ಅಂತೀನಿ.

ಹಿಂಗಿರುವಾಗ ತಿಪ್ಪಕ್ಕನ ಕೈಗೆ ದುಡ್ಡು ಬಂತು. ದುಡ್ಡು ಬಂದ ಮನೆಗೆ ಬುದ್ಧಿ ಹೇಳೋರು ಬರದೆ ಇರ್ತಾರಾ?

ನೆರೆಮನೆಯವಳು ಬಂದ್ಲು. "ತಿಪ್ಪಕ್ಕಾ, ಮೂಗುಬೊಟ್ಟು ಮಾಡಿಸ್ಕೊಳ್ಳೇ."

"ಮೂಗು ಉಸಿರಾಡ್ಕೊಂಡು ಇದೆ ಕಣೇ, ಸಾಕು."

ಮೈದುನ ಬಂದ. "ಅತ್ತಿಗೆ, ಒಂದು ಕತ್ತೆ ತಗೋ. ಮಣ್ಣು ಹೊರ್ತದೆ."

"ಮಣ್ಣು ಹೊರೋಕೆ ನೀನಿದ್ದೀಯಲ್ಲಪ್ಪ."

ಅತ್ತೆ ಬಂದ್ಲು. "ದೇವರಿಗೊಂದು ಬೆಳ್ಳಿ ಕಣ್ಣು ಮಾಡಿಸೇ."

"ಬೆಳ್ಳಿ ಇಲ್ದೆನೂ ದೇವರಿಗೆ ಕಾಣ್ತದೆ ಅತ್ತೆಮ್ಮಾ. ಕಾಣದೆ ಇರೋದು ಮಂತ್ರಿಗೆ."

ಸಂತೆಗೆ ಹೋದ್ಲು. ರಾಗಿ ತಂದ್ಲು, ಹುರುಳಿ ತಂದ್ಲು, ಉಪ್ಪು ಮೆಣಸಿನಕಾಯಿ ತಂದ್ಲು. ಗುಡಾಣ ತುಂಬಿಸಿಟ್ಲು. ಓಬಯ್ಯ ಬಾಯಿ ಬಿಟ್ಟ.

"ಲೇ ತಿಪ್ಪೀ, ಎಲ್ಲಾನೂ ಹೊಟ್ಟೆಗೇ ಹಾಕಿಬಿಟ್ಟೆಯಾ?"

"ಹಾಕಿದೆ. ನೀ ಮಡಕೆ ಮಾಡು. ಈ ಸಲ ಕಾಯೋಣ."

ಮಾಡಿದ. ಹೊಟ್ಟೆ ತುಂಬಿದ ಕುಂಬಾರ ಮಾಡಿದ ಮಡಕೆ ಹೆಂಗಿರ್ತದೆ ಅಂತೀರಿ? ಕಾಳು ತುಂಬೋ ಒಂದೊಂದು ವಾಡೆಯೊಳಗೆ ಒಂದು ಮದುವೆ ದಿಬ್ಬಣ ಕೂತು ಉಣ್ಣಬಹುದಿತ್ತು. ಕಂಡೋರ ಕುರಿ ಕಾಯೋಕೆ ಹೋಗ್ತಿದ್ದ ದೊಡ್ಡ ಮಗಳನ್ನೂ ತಿಪ್ಪಕ್ಕ ಮನೆಗೆ ಕರೆದ್ಲು. ಅವಳು ಅಪ್ಪನ ಪಕ್ಕ ಕೂತು ಮಡಕೆ ತಟ್ಟೋದು ಕಲಿತ್ಲು.

ಆದ್ರೆ ಮಳೆಗಾಲ ಮುಗೀತಾ ಬಂದ್ರೂ ಮಳೆ ಬಿಡಬೇಕಲ್ಲ? ಜಿಟಿಜಿಟಿ, ಜಿಟಿಜಿಟಿ, ಜಿಟಿಜಿಟಿ. ಮಡಕೆ ಒಣಗಲೇ ಇಲ್ಲ. ಅಷ್ಟರಲ್ಲಿ ಡಂಗುರದವನು ಬಂದ. "ನಾಳೆ ಮಂತ್ರಿ ಬರ್ತಾರೆ! ಓಬಯ್ಯನ ಮನೆ ನೋಡ್ತಾರೆ! ಅಲ್ಲೇನೂ ಕಾಣದಿದ್ರೆ ಎಲ್ಲರ ದುಡ್ಡೂ ನಿಲ್ತದೆ!"

ಓಬಯ್ಯ ಹಿತ್ತಲಿಗೆ ಓಡಿದ. ಸೌದೆ ತಂದ, ಕೊಳ್ಳಿ ತಂದ. ತಿಪ್ಪಕ್ಕ ಒಂದು ಮಡಕೆ ಎತ್ತಿ ಕೆನ್ನೆಗೆ ಒತ್ತಿದ್ಲು. ತಣ್ಣಗಿತ್ತು. ಸೀದಾ ಹೋಗಿ ಆವಿಗೆ ಬಾಯಿಗೆ ಅಡ್ಡ ಕೂತ್ಲು.

"ಏಳೇ!"

"ಏಳಲ್ಲ."

"ನಾಳೆ ಅವನಿಗೆ ಏನು ತೋರಿಸ್ತೀಯ? ಖಾಲಿ ಕೈಯಾ?"

"ಒಡೆದ ಬೋಕಿಗಿಂತ ಖಾಲಿ ಕೈ ವಾಸಿ."

ಕೇರಿಯೆಲ್ಲ ಸೇರ್ತು. "ನಿನ್ನ ಹಟದಿಂದ ಇಡೀ ರಾಜ್ಯದ ದುಡ್ಡು ನಿಲ್ತದೆ ಕಣೇ ತಾಯಿ! ನಮ್ಮ ಮಕ್ಕಳೂ ಈಗ ಉಣ್ತಾ ಇದ್ದಾವೆ!"

"ಗೊತ್ತು. ಅದಕ್ಕೇ ಏಳಲ್ಲ" ಅಂದ್ಲು ತಿಪ್ಪಕ್ಕ. "ಅವನೆದುರಿಗೆ ಮಡಕೆ ಢಂ ಅಂದ್ರೆ ದುಡ್ಡು ದಂಡ ಅಂತ ಬಾಯಿ ತುಂಬ ಹೇಳ್ತಾನೆ. ನನ್ನನ್ನ ಸುಟ್ಟು ಆಮೇಲೆ ಮಡಕೆ ಸುಡಿ."

ಬೆಳಗಾಯ್ತು. ಮಂತ್ರಿ ಪಲ್ಲಕ್ಕಿ ಇಳಿದ. ಮಳೇಲಿ ನೆಂದು, ಹೊಂಡದಲ್ಲಿ ಕುಲುಕಿ, ಮುಖ ಒಣಗಿಸ್ಕೊಂಡಿದ್ದ. ಒಳಗೆ ನೋಡ್ದ, ಹೊರಗೆ ನೋಡ್ದ, ಹಿತ್ತಲು ನೋಡ್ದ.

"ಏನಮ್ಮಾ, ಒಡವೆ ಇಲ್ಲ, ದನ ಇಲ್ಲ, ಹೊಸ ಸೀರೆ ಇಲ್ಲ. ದುಡ್ಡು ಏನಾಯ್ತು?"

"ತಿಂದ್ವಿ ಬುದ್ಧೀ."

"ನಾನು ಹೇಳಿದ್ದೇ ಆಯ್ತು! ಆ ಮಡಕೆಗಳೋ?"

"ಒಣಗ್ತಾ ಇದ್ದಾವೆ."

"ಒಣಗೋವರೆಗೆ ನಾನು ಇಲ್ಲಿ ಕೂರ್ಲಾ? ಈಗಲೇ ಸುಡು! ಸುಟ್ಟು ತೋರಿಸು! ನನಗೆ ಪುರುಸೊತ್ತಿಲ್ಲ!"

ತಿಪ್ಪಕ್ಕ ಅವನ ಮುಖ ನೋಡಿದ್ಲು. "ಬುದ್ಧೀ, ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ. ಕೈ ತೊಳೀರಿ."

ಬಿಸಿಬಿಸಿ ರಾಗಿ ಮುದ್ದೆ, ಹುರುಳಿ ಸಾರು. ಕುಂಬಾರರ ಮನೇಲಿ ಮಂತ್ರಿ ಉಣ್ಣೋದಾ? ಅವನು ಹಿಂದೆ ನೋಡ್ದ, ಮುಂದೆ ನೋಡ್ದ. ಹೊಟ್ಟೆ ಏನೂ ನೋಡ್ಲಿಲ್ಲ. ಒಂದು ಮುದ್ದೆ ಆಯ್ತು, ಎರಡಾಯ್ತು, ಮೂರಾಯ್ತು. ತೇಗಿದ ನೋಡಿ, ಆ ತೇಗಿಗೆ ಊರಾಚೆ ಆಲದ ಮರದ ಕಾಗೆಗಳೆಲ್ಲ ಎದ್ದು ಪಕ್ಕದ ರಾಜ್ಯಕ್ಕೆ ಹೋದ್ವು. ಇವತ್ತಿಗೂ ವಾಪಸ್ ಬಂದಿಲ್ಲ.

ಕಂಬಕ್ಕೆ ಒರಗಿ ಕಾಲು ಚಾಚಿದ. ಹೊರಗೆ ಮಳೆ ಜಿಟಿಜಿಟಿ. ಎಲೆ ಅಡಿಕೆ ಜಗಿತಾ ಹೇಳ್ದ, "ಇರಲಿ ಬಿಡಮ್ಮ, ಒಣಗಲಿ. ಏನವಸರ?"

ತಿಪ್ಪಕ್ಕ ಸೊಂಟದ ಮೇಲೆ ಕೈ ಇಟ್ಲು. "ಏನಂದ್ರಿ?"

"ಏನವಸರ ಅಂದೆ."

"ಆ ಮಾತು ಆಗಲೇ ನಿಮ್ಮ ಬಾಯಲ್ಲಿ ಬರ್ಲಿಲ್ಲವಲ್ಲ ಬುದ್ಧೀ? ಹಸಿದಿದ್ರಿ. ನಾವು ಹುಟ್ಟಿದಾಗಿಂದ ಹಸಿದಿದ್ವಿ, ನಮ್ಮ ಬಾಯಲ್ಲೂ ಬರ್ತಿರ್ಲಿಲ್ಲ. ರಾಜರ ದುಡ್ಡಲ್ಲಿ ನಾನು ಕೊಂಡಿದ್ದು ಆ ಒಂದು ಮಾತನ್ನ. ಅದು ಗೂಟಕ್ಕೆ ಕಟ್ಟೋ ವಸ್ತು ಅಲ್ಲ, ನಿಮಗೆ ಹೆಂಗೆ ತೋರಿಸ್ಲಿ?"

ಮಂತ್ರಿ ಜಗಿಯೋದು ನಿಲ್ಲಿಸ್ದ. ಪಲ್ಲಕ್ಕಿಯವರು ಎದ್ದು ನಿಂತ್ರು. ಅವನು ಕೈ ಬೀಸಿ ಕೂರಿಸ್ದ. "ನಾನೂ ಕಾಯ್ತೀನಿ" ಅಂದ.

ಕಾದ. ಮಳೆ ನಿಂತು ಬಿಸಿಲು ಬರೋವರೆಗೂ ಅಲ್ಲೇ ಇದ್ದ. ಒಂದು ಮಧ್ಯಾಹ್ನ ತಿಪ್ಪಕ್ಕ ಮಡಕೆ ಎತ್ತಿ ಕೆನ್ನೆಗೆ ಒತ್ತಿದ್ಲು. ತಣ್ಣಗಿರ್ಲಿಲ್ಲ. ಗಂಡನ ಕೈಗೆ ಕೊಳ್ಳಿ ಕೊಟ್ಲು.

ಆವಿಗೆ ಹೊತ್ತಿಕೊಳ್ತು. ಇಡೀ ಕೇರಿ ಉಸಿರು ಹಿಡಿದು ಕಿವಿ ಕೊಟ್ಟಿತ್ತು. ಈಗ ಢಂ ಅಂತದೆ. ಇಲ್ಲ. ಈಗ ಅಂತದೆ. ಇಲ್ಲ. ಈಗ ಖಂಡಿತ ಅಂತದೆ. ಬೆಂಕಿ ಉರೀತು, ಆರ್ತು, ಬೂದಿ ತಣ್ಣಗಾಯ್ತು. ಒಂದೂ ಒಡೆದಿರ್ಲಿಲ್ಲ! ಓಬಯ್ಯ ಒಂದನ್ನ ಎತ್ತಿ ಬೆರಳಿನ ಗೆಣ್ಣಿನಿಂದ ಬಡಿದ. ಠಣ್! ಆ ಸದ್ದಿಗೆ ಏಳು ಊರಿನ ಪೂಜಾರಿಗಳು ನಮ್ಮ ಗುಡಿ ಗಂಟೆ ಯಾರು ಬಾರಿಸಿದ್ರು ಅಂತ ಪಂಚೆ ಎತ್ತಿ ಕಟ್ಕೊಂಡು ಓಡಿ ಬಂದ್ರು.

ಮಂತ್ರಿ ಅರಮನೆಗೆ ಹೋದ. ರಾಜ ಕೇಳ್ದ, "ಕಣ್ಣಾರೆ ನೋಡಿದ್ಯಾ? ಏನು ಮಾಡಿದ್ರು ದುಡ್ಡನ್ನ?"

"ತಿಂದ್ರು ದೊರೆ."

"ತಿಂದ್ರಾ?"

"ಹೂಂ. ನಾನೂ ತಿಂದೆ. ನಿಲ್ಲಿಸಬೇಡಿ."

ಅವರು ಅಲ್ಲಿ ಮಡಕೆ ಸುಟ್ಕೊಂಡು ಸುಖವಾಗಿರ್ಲಿ, ನಾವಿಲ್ಲಿ ಮಾತು ಉರಿಸ್ಕೊಂಡು ಬೆಚ್ಚಗಿರೋಣ. ನನ್ನ ಬಾಯಿ ಮುಚ್ತು, ನಿಮ್ಮ ಕಿವಿ ಬಿಡುಗಡೆ. ಏಳ್ರಪ್ಪಾ.