ಅಡ್ಡ ಮಲಗಿಸಿದ ನೀರಿನ ಕ್ಯಾನು

ಸಂಘಮಿತ್ರ ಕೆ., ತಂದೆ ಕೊಂಡಪ್ಪ, ವಯಸ್ಸು 24 ವರ್ಷ, ನಂದಗುಡಿಯ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ, ವಾಸ ಗುಂಡ್ಲುಪಾಳ್ಯ ಗ್ರಾಮ, ನಂದಗುಡಿ ಹೋಬಳಿ, ಹೊಸಕೋಟೆ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ.

ಯಾರೂ ಕರೆಯದೆ, ನಾನಾಗಿಯೇ ದಿನಾಂಕ 12-3-2013ರ ಮಂಗಳವಾರ ಬೆಳಿಗ್ಗೆ 10-30ಕ್ಕೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ನೀರಿಗೆ ವಿಷ ಹಾಕಿದ್ದಾರೆಂದು ದೇವೇಂದ್ರ ಎಂಬುವರು ಕೊಟ್ಟಿರುವ ದೂರಿನ ಮೇಲೆ ನೀವು ಎರಡು ದಿನದಿಂದ ವಿಚಾರಣೆಗೆ ಕೂರಿಸಿಕೊಂಡಿರುವ ವಾಚ್‌ಮನ್ ಆವಲಪ್ಪನವರು ಆ ಕೆಲಸ ಮಾಡಿಲ್ಲ. ನೀರು ಕೆಡಲು ಕಾರಣವಾದ ಕ್ಯಾನನ್ನು ಆರಿಸಿದವಳು ನಾನು. ಅದನ್ನು ಗಾಡಿಯಲ್ಲಿ ಹೇಗೆ ಇಡಬೇಕೆಂದು ಹೇಳಿದವಳೂ ನಾನೇ.

ನಮ್ಮ ಹೋಬಳಿಯ ಮೂರು ಗ್ರಾಮಗಳ ಜಮೀನನ್ನು ಒಂದು ಯೋಜನೆಗೆ ತೆಗೆದುಕೊಳ್ಳಲು ನೋಟಿಸು ಬಂದಿದೆ. ಅದರಲ್ಲಿ ಗೋಮಾಳ, ಕೆರೆಯಂಗಳ, ಗುಡ್ಡದ ಭಾಗ ಎಲ್ಲವನ್ನೂ ಬಂಜರು, ಬಳಕೆಯಲ್ಲಿಲ್ಲ ಎಂದು ಬರೆದಿದ್ದಾರೆ. ಇದು ಸುಳ್ಳು. ಸುಳ್ಳೆಂದು ತೋರಿಸಬೇಕಾದರೆ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಅಲ್ಲೇ ಇದ್ದು, ಎಷ್ಟು ದನ ಬರುತ್ತವೆ, ಯಾರು ಹುಲ್ಲು ಕೊಯ್ಯುತ್ತಾರೆ ಎಂದು ಹೆಸರು ಸಮೇತ ಬರೆಯಬೇಕು. ಆಕ್ಷೇಪಣೆಗೆ ಇದೇ 20ನೇ ತಾರೀಖು ಕಡೆಯ ದಿನ. ಆದ್ದರಿಂದ ನಾವು ನಾಲ್ಕು ಜನ ಜೀಪಿನಲ್ಲಿ ಎರಡು ರಾತ್ರಿ, ಮೂರು ಹಗಲು ಬಯಲಿನಲ್ಲೇ ಇರುವುದೆಂದು ತೀರ್ಮಾನಿಸಿದೆವು. ಉಳಿದ ಮೂವರೆಂದರೆ, ಹೊಸಕೋಟೆಯಲ್ಲಿ ಟ್ಯುಟೋರಿಯಲ್ ನಡೆಸುವ ದೇವೇಂದ್ರ, 31 ವರ್ಷ, ಜಡಿಗೇನಹಳ್ಳಿಯ ಬಿ.ಎಸ್ಸಿ. ವಿದ್ಯಾರ್ಥಿನಿ ಕೀರ್ತನ, 20 ವರ್ಷ, ಮತ್ತು ಜೀಪಿನ ಮಾಲೀಕನೂ ಚಾಲಕನೂ ಆದ ನನ್ನ ಅಣ್ಣ ಅಮರ್, 27 ವರ್ಷ. ದೇವೇಂದ್ರಣ್ಣ ನಮ್ಮ ಓದುಗರ ಬಳಗ ಕಟ್ಟಿದವರು. ನಾನು ಓದಿದ ಮೊದಲ ಕಿರುಹೊತ್ತಗೆಯನ್ನು ಕೈಗಿಟ್ಟವರು ಅವರೇ.

ಯಾರ ಮನೆಯಲ್ಲೂ ಇಳಿದುಕೊಳ್ಳಬಾರದು, ಉಣ್ಣಬಾರದು ಎಂಬುದು ನಾವು ಮಾಡಿಕೊಂಡ ನಿಯಮ. ಯಾರ ಮನೆಯಲ್ಲಿ ಉಂಡರೆ ಅವರ ಕಡೆಯವರೆಂದು ಮಾರನೆಯ ದಿನವೇ ಊರಿನಲ್ಲಿ ಮಾತು ಹುಟ್ಟುತ್ತದೆ. ನನ್ನದು ಇನ್ನೊಂದು ನಿಯಮವಿತ್ತು. ನಮ್ಮ ಕೇರಿಯ ಹೆಂಗಸರು ಇನ್ನೊಬ್ಬರ ಜಗಲಿಯ ಕೆಳಗೆ ನಿಂತು ನೀರು ಕೇಳಿದ್ದನ್ನು ನಾನು ನೋಡಿದ್ದೇನೆ. ನಾನು ಕೇಳುವುದಿಲ್ಲ. ಹಾಗಾಗಿ ಮೂರು ದಿನಕ್ಕಾಗುವ ನೀರನ್ನು ಜೊತೆಗೇ ಒಯ್ಯಬೇಕೆಂದು ಹಟ ಹಿಡಿದೆ.

ಸಾಮಾನಿನ ಪಟ್ಟಿಯನ್ನು ನಾನು ಬರೆದೆ. ಆ ನೋಟ್‌ಬುಕ್ಕನ್ನು ಇದರೊಂದಿಗೆ ಒಪ್ಪಿಸಿದ್ದೇನೆ. ದೇವೇಂದ್ರಣ್ಣ ಬೆಂಗಳೂರಿನ ಅಂಗಡಿಯೊಂದರಲ್ಲಿ ಜಿಪ್ಪು ಹಾಕುವ ಕಿತ್ತಳೆ ಬಣ್ಣದ ಡೇರೆ ನೋಡಿಕೊಂಡು ಬಂದಿದ್ದರು. ನಾವು ಮೋಜಿಗೆ ಹೋಗುತ್ತಿಲ್ಲ, ಎರಡು ಮೈಲಿಗೆ ಕಾಣುವ ಬಣ್ಣವೂ ಬೇಡ ಎಂದು ನಾನು ಹೇಳಿದೆ. ಅದರೊಳಗೆ ತಾನು ಮಲಗಿದರೆ ತಲೆ ಗೋಮಾಳಕ್ಕೂ ಕಾಲು ಕೆರೆಗೂ ಸೇರುತ್ತದೆ ಎಂದು ಅಣ್ಣ ಹೇಳಿದ. ಕೊನೆಗೆ ರಾಗಿ ಬಣವೆಗೆ ಹೊದಿಸುವ 18 ಅಡಿ ಉದ್ದದ ಟಾರ್ಪಾಲು ತೆಗೆದುಕೊಂಡೆವು. ಒಂದು ಅಂಚನ್ನು ಜೀಪಿನ ಮೇಲಿನ ಕಂಬಿಗೆ ಕಟ್ಟಿ, ಇನ್ನೊಂದನ್ನು ಎರಡು ನೀಲಗಿರಿ ಗಳುಗಳ ಮೇಲೆ ನಿಲ್ಲಿಸಿದರೆ ನಾಲ್ಕು ಜನಕ್ಕೆ ನೆರಳಾಗುತ್ತದೆ. ಕಂಬಳಿ ನಾಲ್ಕು, ನೈಲಾನ್ ಹಗ್ಗ 60 ಅಡಿ, ಪಂಪ್ ಸ್ಟವ್ ಒಂದು, ಸಲಿಕೆ, ಒಂದು ಮಚ್ಚು. ಮಚ್ಚು ಯಾತಕ್ಕೆಂದು ನೀವು ಕೇಳಿದ್ದಕ್ಕೆ ತಿಳಿಸುತ್ತೇನೆ: ಜಾಲಿಮುಳ್ಳು ಕಡಿಯಲು. ಜ್ಯಾಕಿನ ಕೆಳಗೆ ಇಡಲು ಒಂದು ಹಲಗೆ ಬೇಕೆಂದು ಅಣ್ಣ ಸೇರಿಸಿದ. ಕೆರೆಯಂಗಳದ ಮಣ್ಣಿನಲ್ಲಿ ಹಲಗೆಯಿಲ್ಲದೆ ಜ್ಯಾಕು ನಿಲ್ಲುವುದಿಲ್ಲ. ಅವನು ಹೇಳಿದ ಒಂದೊಂದು ವಸ್ತುವೂ ಉಪಯೋಗಕ್ಕೆ ಬಂತು.

ನೀರಿಗೆ ಎರಡು ಪಾತ್ರೆ. ಮೊದಲನೆಯದು ನಮ್ಮ ತಾಯಿ ದ್ಯಾವಮ್ಮ ಕೊಟ್ಟ ಹಳೆಯ ಅಲ್ಯೂಮಿನಿಯಂ ಹಾಲಿನ ಕ್ಯಾನು, 40 ಲೀಟರು. ಅಂಥದ್ದೇ ಇನ್ನೊಂದನ್ನು ಡೈರಿಯ ಪಕ್ಕದ ಮನೆಯಲ್ಲಿ ಕೇಳಿ ತರುತ್ತೇನೆಂದು ತಾಯಿ ಹೇಳಿದರು. ಕೇಳುವುದು ಬೇಡ ಎಂದೆ. ಹೊಸ ಪ್ಲಾಸ್ಟಿಕ್ ಕೊಳ್ಳುವುದೂ ಬೇಡ, ಕಾರ್ಖಾನೆಯವರು ಬಿಸಾಡಿದ್ದನ್ನೇ ತೊಳೆದು ಬಳಸೋಣ ಎಂದೆ. ಹಾಗೆ ಬಳಸುವುದು ಸರಿಯೆಂದು ನಾನು ಓದಿದ್ದೆ, ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ಅಣ್ಣ ಸೋಂಪುರದ ಕಡೆ ಬಾಡಿಗೆಗೆ ಹೋದಾಗ ಹೆದ್ದಾರಿ ಪಕ್ಕದ ಗುಜರಿ ಅಂಗಡಿಯಿಂದ 35 ಲೀಟರಿನ ನೀಲಿ ಕ್ಯಾನು ತಂದ. ಚೀಟಿ ಕಿತ್ತುಹೋಗಿತ್ತು. ಮೊದಲು ಅದರಲ್ಲಿ ಏನಿತ್ತೆಂದು ಅವನು ಕೇಳಲಿಲ್ಲ. ಕೇಳಿದೆಯಾ ಎಂದು ನಾನೂ ಕೇಳಲಿಲ್ಲ. ನಮ್ಮ ಕಡೆ ಹತ್ತು ಮನೆಯಲ್ಲಿ ಆರು ಮನೆಯ ನೀರು ಇಂಥ ಡ್ರಮ್ಮು, ಕ್ಯಾನುಗಳಲ್ಲೇ ಇರುತ್ತದೆ.

ಬಿಸಿನೀರು, ಸೋಡಾ, ಹುಣಸೆಹಣ್ಣು, ಮರಳು ಹಾಕಿ ಮೂರು ಸಲ ಕುಲುಕಿ ತೊಳೆದೆ. ಎರಡು ದಿನ ನೀರು ತುಂಬಿ ನಿಲ್ಲಿಸಿಟ್ಟು, ಮೊದಲ ಲೋಟ ನಾನೇ ಕುಡಿದೆ. ಏನೂ ಆಗಲಿಲ್ಲ. ಕ್ಯಾನಿನ ಮೇಲ್ಭಾಗದ ಹಿಡಿಕೆ ಟೊಳ್ಳಾಗಿರುತ್ತದೆ. ಅದರೊಳಗೆ ನನ್ನ ಕೈಯೂ ಹೋಗಲಿಲ್ಲ, ಮರಳೂ ಹೋಗಲಿಲ್ಲ.

9ನೇ ತಾರೀಖು ಶನಿವಾರ ಬೆಳಿಗ್ಗೆ 6-10ಕ್ಕೆ ಹೊರಟೆವು. ಹಾಲಿನ ಕ್ಯಾನನ್ನು ಸೀಟಿನ ಹಿಂದೆ ನಿಲ್ಲಿಸಿದೆವು. ನೀಲಿ ಕ್ಯಾನು ಹಳ್ಳದಿಣ್ಣೆಯಲ್ಲಿ ಉರುಳಬಾರದೆಂದು, ಭಾರ ತಳದಲ್ಲೇ ಇರಲೆಂದು, ಅಡ್ಡ ಮಲಗಿಸಿ ಕಟ್ಟಬೇಕೆಂದೆ. ಪಟ್ಟಿಯ ಹಿಂದಿನ ಪುಟದಲ್ಲಿ ಅದರ ಚಿತ್ರವೂ ಇದೆ. ಆ ದಿನ 46 ಕಿಲೋಮೀಟರು ಓಡಾಡಿದೆವು. ಹೆಚ್ಚಿನದು ಗಾಡಿಜಾಡು, ಬಂಡೆ. ಕುಡಿಯಲು, ಅಡುಗೆಗೆ, ತೊಳೆಯಲು ಹಾಲಿನ ಕ್ಯಾನಿನ ನೀರನ್ನೇ ಬಳಸಿ, ರಾತ್ರಿಯೊಳಗೆ ಮುಗಿಸಿದೆವು. ಸಂಜೆ 5-20ಕ್ಕೆ ಗುಡ್ಡದ ಕೆಳಗೆ, ಯೋಜನೆಯ ಕಂಪನಿಯವರು ಬೇಲಿ ಹಾಕಿರುವ ಜಾಗದಿಂದ ಸುಮಾರು 200 ಅಡಿ ದೂರದಲ್ಲಿ ಟಾರ್ಪಾಲು ಕಟ್ಟಿದೆವು. ಆರು ಗಂಟೆಗೆ 112 ದನ, 260 ಕುರಿ ಎಣಿಸಿದೆ.

10ನೇ ತಾರೀಖು ಭಾನುವಾರ ಬೆಳಿಗ್ಗೆ 6-40ಕ್ಕೆ ಬೇಲಿಯ ಕಡೆಯಿಂದ ಆವಲಪ್ಪನವರು ಬಂದರು. ವಯಸ್ಸು ಸುಮಾರು 55. ಹತ್ತು ಗಂಟೆಗೆ ಮೇಲಿನವರು ಬರುತ್ತಾರೆ, ಅಷ್ಟರೊಳಗೆ ಹೊರಡಿ ಎಂದರು. ಇದು ಗೋಮಾಳ, ಹೊರಡಿ ಎನ್ನಲು ನೀನು ಯಾರು ಎಂದು ದೇವೇಂದ್ರಣ್ಣ ಏರಿದ ದನಿಯಲ್ಲಿ ಕೇಳಿದರು. ಗೋಮಾಳವೆಂದು ತನಗೂ ಗೊತ್ತು, ತನ್ನ ದನವೂ ಇಲ್ಲೇ ಮೇಯುತ್ತಿತ್ತು ಎಂದು ಅವರು ಹೇಳಿದರು. ನನ್ನ ಎಣಿಕೆಯ ಪುಸ್ತಕ ನೋಡಿ, ಯಾವ ಊರಿನ ದನ ಯಾವ ಕಡೆಯಿಂದ ಇಳಿಯುತ್ತದೆ ಎಂದು ಕೈತೋರಿಸಿ ಬರೆಸಿದರು. ನಂತರ ಹೋಗಿ ಒಂದು ಕೊಡ ನೀರು ತಂದಿಟ್ಟರು. ಕಂಪನಿಯ ನೀರು ನಮಗೆ ಬೇಡ ಎಂದೆ. "ಕಂಪ್ನೀದಲ್ಲಮ್ಮ, ನಮ್ಮನೇದು," ಎಂದರು. ಆದರೂ ನಾನು ಮುಟ್ಟಲಿಲ್ಲ. ಅವರು ಅಲ್ಲಿದ್ದ ಅಷ್ಟು ಹೊತ್ತೂ ನಮ್ಮ ಕ್ಯಾನಿಗೆ ಹದಿನೈದು ಅಡಿಗಿಂತ ಹತ್ತಿರ ಬರಲಿಲ್ಲ. 7-20ಕ್ಕೆ ಕೊಡ ಬಿಟ್ಟು ಬೇಲಿಯ ಕಡೆ ಹೋದರು.

8-15ಕ್ಕೆ ನೀಲಿ ಕ್ಯಾನಿನ ಮುಚ್ಚಳ ತೆಗೆದು ಚಹಾ, ಉಪ್ಪಿಟ್ಟು ಮಾಡಿ, ಬಾಟಲಿಗಳಿಗೂ ತುಂಬಿಕೊಂಡೆವು. ಚಹಾ ಉಪ್ಪುಪ್ಪಾಗಿದೆ ಎಂದು ಕೀರ್ತನ ಹೇಳಿದಳು. ಮನೆಯ ಚಹಾ ಬೇಕಿದ್ದರೆ ಮನೆಯಲ್ಲೇ ಇರಬೇಕಿತ್ತು ಎಂದು ನಾನು ಹೇಳಿದೆ. ಅವಳು ಚಹಾ ಕುಡಿದು, ಮೇಲೆ ಎರಡು ಲೋಟ ನೀರೂ ಕುಡಿದಳು. ದೇವೇಂದ್ರಣ್ಣ ಒಂದು ಲೋಟ ಕುಡಿದರು. ಎಣಿಕೆ ಬರೆಯುತ್ತಿದ್ದ ನಾನು ಅರ್ಧ ಲೋಟ ಚಹಾ ಕುಡಿದು ಇಟ್ಟೆ.

9-05ಕ್ಕೆ ಕೀರ್ತನ ತಲೆ ಸುತ್ತುತ್ತದೆಂದು ಕುಳಿತಳು. ಅವಳ ತುಟಿ, ಉಗುರು ನೇರಳೆ ಹಣ್ಣು ತಿಂದವರ ಹಾಗೆ ಆಗಿದ್ದವು. ಹತ್ತು ನಿಮಿಷದಲ್ಲಿ ದೇವೇಂದ್ರಣ್ಣ ವಾಂತಿ ಮಾಡಿದರು, ನನಗೂ ಸ್ವಲ್ಪ ತಲೆನೋವು ಶುರುವಾಯಿತು. ಬಂದ ದಾರಿಯಲ್ಲಿ ಟಾರ್ ರಸ್ತೆಗೆ 9 ಕಿಲೋಮೀಟರು. ಅಣ್ಣ ಕೂಗಿದ್ದನ್ನು ಕೇಳಿ ಆವಲಪ್ಪನವರು ಓಡಿಬಂದು, ತಮ್ಮ ವಶದಲ್ಲಿದ್ದ ಬೇಲಿಯ ಗೇಟಿನ ಬೀಗ ತೆಗೆದು, ಮುಂದಿನ ಸೀಟಿನಲ್ಲಿ ಕುಳಿತು ದಾರಿ ತೋರಿಸಿದರು. ಅಲ್ಲಿಂದ ರಸ್ತೆಗೆ 2 ಕಿಲೋಮೀಟರು. ಗೇಟು ತೆಗೆದರೆ ಕೆಲಸ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ರಸ್ತೆ ಮುಟ್ಟಿದ ಮೇಲೆ ಇಳಿದು ವಾಪಸು ನಡೆದರು. 10-10ಕ್ಕೆ ಹೊಸಕೋಟೆಯ ಆಸ್ಪತ್ರೆ ಮುಟ್ಟಿದೆವು. ಕೀರ್ತನಳ ಕೈಯಿಂದ ತೆಗೆದ ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನಂತಿತ್ತು. ವೈದ್ಯರು ನೀಲಿ ಬಣ್ಣದ ಔಷಧಿ ಏರಿಸಿದರು. ಸಂಜೆ ನಾಲ್ಕಕ್ಕೆ ಅಪಾಯವಿಲ್ಲ ಎಂದರು. ಇನ್ನು ಏಳೆಂಟು ಕಿಲೋಮೀಟರು ಸುತ್ತಿ ಬಂದಿದ್ದರೆ ತಮ್ಮಿಂದ ಏನೂ ಹೇಳಲಾಗುತ್ತಿರಲಿಲ್ಲ ಎಂದೂ ಹೇಳಿದರು.

ಅಷ್ಟರಲ್ಲಿ ದೇವೇಂದ್ರಣ್ಣ ಹಾಸಿಗೆಯಿಂದಲೇ ಫೋನಿನಲ್ಲಿ ಠಾಣೆಗೆ ವಿಷಯ ತಿಳಿಸಿದ್ದರು. ಮೊದಲ ದಿನ ಆಗದ್ದು ವಾಚ್‌ಮನ್ ಬಂದುಹೋದ ಮೇಲೆ ಆಯಿತೆಂದು ನಾವೆಲ್ಲ ನಂಬಿದೆವು. ನಾನು ಎಲ್ಲರಿಗಿಂತ ಹೆಚ್ಚು ನಂಬಿದೆ. 11ನೇ ತಾರೀಖು ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ "ಹೋರಾಟಗಾರರ ನೀರಿಗೆ ವಿಷ" ಎಂಬ ಕರಪತ್ರ ಟೈಪು ಮಾಡಿ ಐನೂರು ಪ್ರತಿ ತೆಗೆದೆ. ಆವಲಪ್ಪನವರ ಹೆಸರು ಎರಡು ಕಡೆ ಹಾಕಿದೆ.

ಅದೇ ದಿನ 12-15ಕ್ಕೆ ಒಬ್ಬ ಹೆಂಗಸು ಅಂಗಡಿಗೆ ಬಂದು, ಠಾಣೆಗೆ ಕೊಡಬೇಕೆಂದು ಗಂಡನ ವೋಟಿನ ಕಾರ್ಡಿನ ಜೆರಾಕ್ಸ್ ಕೇಳಿದರು. ಕಾರ್ಡಿನಲ್ಲಿ ಆವಲಪ್ಪನವರ ಹೆಸರಿತ್ತು. ಬಂದಿದ್ದವರು ಅವರ ಹೆಂಡತಿ ಅಮ್ಮಯಮ್ಮ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಕರಪತ್ರದ ರಾಶಿ ತೋರಿಸಿ, "ಇಷ್ಟೊಂದು ಏನಮ್ಮ ಬರ್ದೈತೆ?" ಎಂದು ಕೇಳಿದರು. ನಾನು ರಾಶಿಯನ್ನು ಮಗುಚಿಟ್ಟೆ. ಜೆರಾಕ್ಸ್ ಕೊಟ್ಟು ಕಳಿಸಿದೆ.

ಸಂಜೆ ಮನೆಗೆ ಹೋಗಿ ಅಣ್ಣನನ್ನು, ನಿನಗೊಬ್ಬನಿಗೆ ಮಾತ್ರ ಏಕೆ ಏನೂ ಆಗಲಿಲ್ಲ ಎಂದು ಕೇಳಿದೆ. ಅವನು ಜೀಪಿನ ಟೈರು ನೋಡುತ್ತಲೇ ಹೇಳಿದ:

"ಕ್ಯಾನಿನ ನೀರು ಬಾಯಿಗಿಡೋಕಾಗ್ಲಿಲ್ಲ ಕಣೇ, ಉಗುಳ್ಬಿಟ್ಟೆ. ಹೇಳಿದ್ರೆ ನೀನು ಭಾಷಣ ಶುರು ಮಾಡ್ತಿದ್ದೆ. ಜೀಪಿನ ಹಿಂದೆ ಹೋಗಿ ಆವಲಪ್ಪಣ್ಣನ ಕೊಡದಾಗೆ ಎರಡು ಚೊಂಬು ಕುಡ್ದೆ."

ಇಬ್ಬರೂ ಸೇರಿ ನೀಲಿ ಕ್ಯಾನನ್ನು ಬಿಸಿಲಿಗೆ ಹಿಡಿದು ನೋಡಿದೆವು. ಹಿಡಿಕೆಯ ಟೊಳ್ಳಿನೊಳಗೆ ಕಲ್ಲಿನಂತೆ ಗಟ್ಟಿಯಾದ ಬಿಳಿ ಹೆಪ್ಪು ಇತ್ತು. ಅರ್ಧ ಕರಗಿತ್ತು. ನಿಲ್ಲಿಸಿಟ್ಟಾಗ ನೀರು ಅಲ್ಲಿಗೆ ಮುಟ್ಟುವುದಿಲ್ಲ. ಅಡ್ಡ ಮಲಗಿಸಿ ಒಂದು ದಿನ ಕುಲುಕಿದರೆ ಮುಟ್ಟುತ್ತದೆ. ವೈದ್ಯರಿಗೆ ಫೋನು ಮಾಡಿ ಹೇಳಿದಾಗ, ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲು ಕಾರ್ಖಾನೆಗಳಲ್ಲಿ ಬಳಸುವ ಒಂದು ಉಪ್ಪು ಹೀಗೆಯೇ ರಕ್ತ ಕೆಡಿಸುತ್ತದೆ, ಕ್ಯಾನನ್ನು ಪರೀಕ್ಷೆಗೆ ಕೊಡಿ ಎಂದರು. ನೀವು ಭಾನುವಾರ ಜಪ್ತಿ ಮಾಡಿದ್ದು ಆವಲಪ್ಪನವರ ಕೊಡವನ್ನು ಮಾತ್ರ. ಕ್ಯಾನನ್ನು ನಾನು ಇಂದು ಉಳಿದ ನೀರಿನ ಸಮೇತ ತಂದು ಒಪ್ಪಿಸಿದ್ದೇನೆ.

ಸೋಮವಾರ ರಾತ್ರಿ 7-30ಕ್ಕೆ ಆಸ್ಪತ್ರೆಯಲ್ಲಿ ದೇವೇಂದ್ರಣ್ಣನಿಗೆ ಇದನ್ನೆಲ್ಲ ಹೇಳಿದೆ. ನನ್ನ ಮಾತು ಸುಳ್ಳೆಂದು ಅವರು ಹೇಳಲಿಲ್ಲ. 20ನೇ ತಾರೀಖಿನವರೆಗೆ ಸುಮ್ಮನಿರು, ಈಗ ನಿಜ ಹೇಳಿದರೆ ನಮ್ಮ ಎಣಿಕೆಯನ್ನೂ ಯಾರೂ ನಂಬುವುದಿಲ್ಲ, ಮುನ್ನೂರು ಮನೆ ಉಳಿಯಬೇಕಾದರೆ ಒಬ್ಬ ಮನುಷ್ಯ ಒಂದು ವಾರ ತೊಂದರೆಪಟ್ಟರೆ ತಪ್ಪಿಲ್ಲ ಎಂದರು. ಅವರ ಮಾತಿಗೆ ನಾನು ಯಾವತ್ತೂ ಎದುರಾಡಿದವಳಲ್ಲ.

"ಆ ಮುನ್ನೂರರಲ್ಲಿ ಅವರ ಮನೇನೂ ಒಂದು, ದೇವೇಂದ್ರಣ್ಣ," ಎಂದೆ.

ಅವರು ಗೋಡೆಯ ಕಡೆ ತಿರುಗಿಕೊಂಡರು. ಪಕ್ಕದ ವಾರ್ಡಿನಲ್ಲಿ ಕೀರ್ತನ ನಿದ್ದೆ ಮಾಡುತ್ತಿದ್ದಳು, ಎಬ್ಬಿಸಲಿಲ್ಲ. ಐನೂರು ಕರಪತ್ರದಲ್ಲಿ ಒಂದನ್ನು ನಿಮಗೆ ಕೊಟ್ಟಿದ್ದೇನೆ, ಉಳಿದವನ್ನು ಇಂದು ಬೆಳಿಗ್ಗೆ ಒಲೆಗೆ ಹಾಕಿದೆ. ಎಣಿಕೆಯ ಪುಸ್ತಕವನ್ನು ಸುಟ್ಟಿಲ್ಲ. ಅದನ್ನು 20ರೊಳಗೆ ನಾನೇ ಸಲ್ಲಿಸುತ್ತೇನೆ. ಅದರಲ್ಲಿರುವ ದನಗಳು ನಿಜವಾದ ದನಗಳು.

ಸಹಿ ಹಾಕುವ ಮೊದಲು ಈ ಹೇಳಿಕೆಯನ್ನು ಆವಲಪ್ಪನವರಿಗೆ ಕೇಳುವಂತೆ ಓದಬೇಕೆಂದು ವಿನಂತಿಸಿದೆ. ಠಾಣೆಯ ಒಳಗಿನ ಬೆಂಚಿನಿಂದ ಅವರನ್ನು ಕರೆಸಲಾಯಿತು. ಆ ಮಗು ಹೇಗಿದೆ ಎಂದು ಅವರು ಮೊದಲು ಕೇಳಿದರು. ಕೀರ್ತನ ಚೆನ್ನಾಗಿದ್ದಾಳೆ ಎಂದೆ. ಹೇಳಿಕೆ ಬರೆದುಕೊಂಡ ಠಾಣೆಯ ರೈಟರ್ ಓದಿದರು. ಹದಿನೈದು ಅಡಿಯ ಸಾಲು ಬಂದಾಗ ಆವಲಪ್ಪನವರು ಅವರನ್ನು ತಡೆದರು.

"ಅದೊಂದು ಸರಿಯಿಲ್ಲ ಸಾಮಿ. ಹಗ್ಗ ಸಡಿಲ ಆಗಿತ್ತು. ಅವರಣ್ಣ ಕಟ್ಟಬೇಕಾದ್ರೆ ನಾನೇ ಆ ಕ್ಯಾನು ಎತ್ತಿ ಹಿಡ್ಕೊಂಡಿದ್ದೆ."

ಆ ಮಾತು ಬರೆದುಕೊಂಡರೆ ನಿನಗೇ ತೊಂದರೆ, ಬಿಡುವುದು ತಡವಾಗಬಹುದು ಎಂದು ಸಬ್ ಇನ್ಸ್‌ಪೆಕ್ಟರ್ ಆವಲಪ್ಪನವರಿಗೆ ತಿಳಿಸಿದರು. "ಮುಟ್ಟಿದ್ದು ಹೌದಲ್ವಾ, ಬರ್ಕೊಳ್ಳಿ," ಎಂದು ಆವಲಪ್ಪನವರು ಹೇಳಿ ಬೆಂಚಿಗೆ ಹೋಗಿ ಕುಳಿತರು.

ಅವರು ಹೇಳಿದ್ದು ಹೌದು. ಸಮಯ 6-55. ಅವರು ಕ್ಯಾನು ಹಿಡಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆಗ ಮುಚ್ಚಳ ಬಿಗಿಯಾಗಿತ್ತು. ಆದರೂ ಅವರಿಗೆ ತೊಂದರೆಯಾದೀತೆಂದು ಬೇಕೆಂದೇ ಬಿಟ್ಟು ಬರೆಸಿದ್ದೆ. ಆ ಸಾಲನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ್ದೇನೆ.

ಈಗ ಓದಿ ಕೇಳಿದ್ದೇನೆ. ಈಗ ಇದೆಲ್ಲ ನಿಜ.

ಸ್ಥಳ: ನಂದಗುಡಿ
ದಿನಾಂಕ: 12-3-2013, ಮಧ್ಯಾಹ್ನ 1-40
ಸಹಿ: ಸಂಘಮಿತ್ರ ಕೆ.