ಆಲೆಮನೆಯಲ್ಲಿ ಎರಡು ಕಂಬಳಿ

...ಚಳಿ ಅಂದೆನಲ್ಲೋ! ಚಳಿ ಬಂದೈತಿ, ಅದಕ್ಕ ಕಂಬಳಿ. ಮಾರ್ಚ್ ತಿಂಗಳದಾಗ ಯಾರಿಗೂ ಚಳಿ ಬರಬಾರದು ಅಂತ ಸರಕಾರ ಕಾಯ್ದೆ ಮಾಡೇತೇನು? ಬಾ ಒಳಗ, ಸರ್ಜೇರಾವ್. ಬಾಗಿಲಾಗ ನಿಂತು ಗಾಳಿ ಬಿಡಬ್ಯಾಡ, ಕಾವೆಲ್ಲ ಹೊರಗ ಹೊಂಟತು. ಎರಡು ಕಂಬಳಿ ಯಾಕ ಅಂತ ನೋಡಾಕತ್ತೀಯೇನು? ಮೈ ದೊಡ್ಡದೈತೋ, ಒಂದು ಸಾಲೂದಿಲ್ಲ. ನಿನ್ನಂಗ ನಾನೇನು ಕಬ್ಬಿನ ಗಳ ಅದೀನೇನು, ಒಂದು ಟವೆಲ್ಲಿನಾಗ ಮುಗಿಯಾಕ?

ನಗಬ್ಯಾಡ.

ಭೈರೂ ಮತ್ತ ಅವನ ಆಳುಗಳು ಊಟಕ್ಕ ಹೋಗ್ಯಾರ. 'ಕೊಪ್ಪರಿಗಿ ನೋಡ್ಕೋ ವಸ್ತಾದ' ಅಂತ ಹೇಳಿ ಹೋದ್ರು. ನೋಡ್ಕೊಂಡು ಕುಂತೀನಿ. ಈ ಪಾಂಡು ವಸ್ತಾದ ಒಲಿ ಮುಂದ ಕುಂತಾನಂದ್ರ ಕಬ್ಬಿನಹಾಲು ಸೈತ ಹೆದರಿ ತಾನಾ ಬೆಲ್ಲ ಆಗ್ತೈತಿ! ಅರ್ಧ ಕೊಲ್ಲಾಪುರಕ್ಕ ಕುಸ್ತಿ ಕಲಿಸಿದ ಕಣ್ಣಿದು. ಹಂಗ ಒಂದು ಸಲ ದಿಟ್ಟಿಸಿ ನೋಡಿದೆ ಅಂದ್ರ...

ಕೈಯಾಗ ಏನದು? ಡಬ್ಬಿ. ಹೌಸಾ ಕಳಸ್ಯಾಳ. ಗಂಡ ಕಾಣವಲ್ಲ ಅಂದಕೂಡಲೇ ಪೊಲೀಸರ ಹತ್ರ ಹೋಗೂದು ಬಿಟ್ಟು ಡಬ್ಬಿ ಕಟ್ಟಿ ನಿನ್ನ ಹತ್ರ ಬಂದಾಳ, ಹೌದಿಲ್ಲೋ? ಇಡು ಅಲ್ಲೆ. ಆಮ್ಯಾಲ ಉಣ್ತೀನಿ. ಹಸಿವಿಲ್ಲ.

ಯಾಕ ಹಂಗ ನೋಡ್ತಿ? ಪಾಂಡು ವಸ್ತಾದನ ಬಾಯಾಗ 'ಹಸಿವಿಲ್ಲ' ಅನ್ನೂ ಮಾತು ಮೊದಲನೇ ಸಲ ಕೇಳಿದಿ ಅಂತೇನು? ಮನಷ್ಯಾಗ ಒಂದಿಲ್ಲೊಂದು ದಿನ ಹಸಿವು ಆಗೂದಿಲ್ಲಪಾ... ತಂಬಿಗಿನೂ ಬ್ಯಾಡ. ನೀರಡಿಕಿ ಇಲ್ಲ. ಅತ್ತಾಗ ಸರಿಸು ಅದನ್ನ. ಇನ್ನೂ ಅತ್ತಾಗ. ಕಣ್ಣಿಗೆ ಬೀಳ್ಲಾರದಂಗ... ಅಂದ್ರ, ಕಾಲಿಗೆ ಬಡದು ಉರುಳೀತು ಅಂತ ಅಂದೆ.

ಉಸ್ಸಪಾ.

ಇಲ್ಲ, ದಣದಿಲ್ಲ. ದಣಿವಂದ್ರೇನು ಅಂತ ನಮ್ಮಪ್ಪ ನನಗ ಕಲಿಸೇ ಇಲ್ಲ. ಸುಮ್ಮನ ಉಸಿರು ಬಿಟ್ಟೆ.

ಈ ಒಲಿ ನೆನಪೈತೇನು ನಿನಗ? ಭೈರೂನ ಅಪ್ಪನ ಕಾಲ. ಮರುದಿನ ತಕ್ಕಡಿ ಏರಬೇಕು, ಹಗುರ ತೂಕದ ಗುಂಪಿನ್ಯಾಗ ಕುಸ್ತಿ ನಿಂದು, ನಿನ್ನ ಮೈ ಒಂದೀಟು ಹೆಚ್ಚಾಗಿತ್ತು. ಇಲ್ಲೇ, ಇದಾ ಜಾಗಾ. ಕಂಬಳಿ ಹೊದ್ದು ಕುಂದ್ರೂದು, ಬೆವರು ಹರಸೂದು, ಉಗುಳೂದು. ಎದುರಿಗೆ ಬೆಲ್ಲ ಕೊತಕೊತ ಕುದಿಯೂದು, ಆ ವಾಸನಿ ಮೂಗಿಗೆ ಬಡಿಯೂದು, ನಾಲಿಗಿ ಮ್ಯಾಲ ಒಂದು ಹನಿ ನೀರಿಲ್ಲ! ದೇವರು ನರಕ ಕಟ್ಟಿಸುವಾಗ ಇಲ್ಲಿಗೇ ಬಂದು ಅಳತಿ ತಗೊಂಡು ಹೋಗಿರಬೇಕು ನೋಡು. ಕಡೀಕ ನೀ ಧೊಪ್ ಅಂತ ಬಿದ್ದಿ. ನಿನ್ನ ಹೊತಗೊಂಡು ಪಂಚಗಂಗಾ ಹೊಳಿಗೆ ಓಡಿದಾವ ಯಾರು? ಒಂದು ಭುಜದ ಮ್ಯಾಲ ನೀನು, ಸಮತೂಕ ಇರಲಿ ಅಂತ ಇನ್ನೊಂದು ಭುಜದ ಮ್ಯಾಲ ಭೈರೂನ ಅಪ್ಪನ ಎಮ್ಮಿಕರ!

ಕರ ಇತ್ತೋ! ಇತ್ತು ಅಂದ್ರ ಇತ್ತು. ನೀ ಎಚ್ಚರ ತಪ್ಪಿ ಬಿದ್ದಾವ, ನಿನಗೇನು ಗೊತ್ತು?

ಆ ಕಾಲ ಹೋತು. ಕುಸ್ತಿ ನಮ್ಮನ್ನ ಬಿಟ್ಟತು, ಪೈಲವಾನನ ಊಟ, ಆ ಖುರಾಕು, ಬಿಡಲಿಲ್ಲ. ನೀನರ ಬ್ಯಾನಿ ಬಿದ್ದು ಸೊರಗಿದಿ, ಪಾರಾದಿ. ನನ್ನ ನೋಡು. ಬೆಳಿಗ್ಗೆ ಸಾವಿರ ಬಸ್ಕಿ ಹೊಡಿಯೂ ಹುಡುಗನ ತಾಟು, ಕುರ್ಚಿ ಮ್ಯಾಲ ಕುಂತು ಹುಡುಗರಿಗೆ ಬೈಯೂ ಮುದುಕನ ಹೊಟ್ಟಿ. ಚರಗಿ ತುಂಬ ಹಾಲು, ಬೊಗಸಿ ಬಾದಾಮಿ, ಮಟನ್ ರಸ್ಸಾ ಕುಡದು ಕುಡದು... ನನ್ನ ಕಂಡ್ರ ಎಮ್ಮಿ ತಾನಾ ಬಂದು ಬಕೀಟಿನ ಮುಂದ ನಿಂದರ್ತಿತ್ತು. ನಮ್ಮ ಗರಡಿ ತಾಲೀಮಿನ ಹಳೇ ಪೈಲವಾನರೆಲ್ಲ ಹಿಂಗ ಅಲ್ಲೇನು? ಎಷ್ಟು ಮಂದಿ ಹಿಂಗ ಮೈ ಬೆಳಸಿ ಹೋದ್ರು... ಬಿಡು.

ಮತ್ತ ನಮಗ ಗೊತ್ತಿದ್ದ ಮದ್ದು ಒಂದೇ, ತಕ್ಕಡಿ ಹಿಂದಿನ ದಿನದ ಮದ್ದು. ಉಪವಾಸ! ಪ್ರತಿ ದೀಪಾವಳಿ ಮುಗಿದಮ್ಯಾಲ ಲಿಂಬಿಹಣ್ಣಿನ ನೀರು ಕುಡದು ಬಿದ್ದಿರ್ತಿದ್ದೆ. ಇಳೀತಿತ್ತು, ಸುಳ್ಳು ಹೇಳೂದಿಲ್ಲ. ಆದ್ರ ಹೋದ ಕಿಲೋ ಸುಮ್ಮನ ಬರ್ತಿತ್ತೇನು? ಸಂಕ್ರಾಂತಿ ಹೊತ್ತಿಗೆ ಬೀಗರನ್ನ, ನೆಂಟರನ್ನ, ಮಕ್ಕಳುಮರಿ ಎಲ್ಲಾರನ್ನೂ ಕರಕೊಂಡು ಬರ್ತಿತ್ತು!

ನಗು, ನಗು.

ಆ ಡಾಕ್ಟರ್‌ಬಾಯಿ ನೋಡು, ಮೊಣಕಾಲು ತೋರಸಾಕ ಹೋದಾಗ. ನಾ ಅಂದೆ, 'ಬಾಯಿ, ಎಷ್ಟು ದಿನ ಉಪವಾಸ ಇರ್ಲಿ ಹೇಳು, ಇದ್ದು ಬರ್ತೀನಿ.' ಅಕಿ ನನ್ನ ಅಜ್ಜ ಮಾಡಿ ಅಂದ್ಳು, 'ಅಜೋಬಾ, ಉಪವಾಸ ಬ್ಯಾಡ. ಹೊಟ್ಟಿ ತುಂಬ ಉಣ್ರಿ.' ನನಗ ತಲಿ ಕೆಟ್ಟತು. ಈ ಹುಡುಗಿ ಪಾಸಾಗ್ಯಾಳೋ ಇಲ್ಲೋ! 'ತಾಟಿನ ಅರ್ಧ ಪಲ್ಲೆ ಇರ್ಲಿ. ಮೊದಲ ಮಟಕಿಕಾಳು, ಮೊಸರು, ಮೊಟ್ಟಿ ತಿನ್ರಿ, ಕಡೀಕ ಭಾಕ್ರಿ. ಹಾಲು ಲೋಟದಾಗ ಕುಡೀರಿ, ಚರಗಿ ಕೈ ತೊಳ್ಯಾಕ ಇಟ್ಕೋರಿ. ಮನಿಯಿಂದ ಓಣಿ ತುದಿತನಕ ನಡೀರಿ, ಮೊಣಕಾಲು ಬೈದ್ರ ಕುಂದ್ರರಿ, ಸುಮ್ಮನಾದ್ರ ಮತ್ತ ಏಳ್ರಿ.' ಎಷ್ಟು ಇಳೀತೈತಿ ಅಂತ ಕೇಳಿದೆ. 'ತಿಂಗಳಿಗೆ ಎರಡು ಕಿಲೋ ಆದ್ರ ಭಾಳ ಛಲೋ' ಅಂದ್ಳು.

ಎರಡು ಕಿಲೋ! ನನಗ! ಎರಡು ಕಿಲೋ ನಾ ಉಗುಳಿ ಇಳಸ್ತಿದ್ದೆ ಡಾಕ್ಟರ್‌ಬಾಯಿ ಅಂದೆ. ಅಕಿ ನಗಲಿಲ್ಲ. 'ಉಗುಳಿದ್ದು ಮರುದಿನ ತಿರುಗಿ ಬಂತಲ್ಲ ಅಜೋಬಾ. ನಾ ಹೇಳೂದು ತಿರುಗಿ ಬರಬಾರದು' ಅಂದ್ಳು.

ಮಾಡಿದೆ. ಹೌಸಾ ಇದ್ಲಲ್ಲ, ಮಾಡ್ಲಾರದ ಬಿಡ್ತಾಳೇನು? ಮೊದಲು ಓಣಿ ತುದಿ. ಆಮ್ಯಾಲ ರಂಕಾಳಾ ಕೆರಿ ದಂಡಿಗೆ ಆ ಶೇಂಗಾ ಮಾರೂ ಮುದುಕಿತನಕ. ಆಮ್ಯಾಲ ಮುದುಕಿಯನ್ನ ದಾಟಿ ಕಲ್ಲಿನ ಕಟ್ಟಿತನಕ. ಜೋಡಿ ನೀನೂ ಬರ್ತಿದ್ದಿಯಲ್ಲ, ಬಾಯಿ ಮುಚಗೊಂಡು. ಹೊಟ್ಟಿ ಹಸೀಲಿಲ್ಲೋ, ಅದಾ ಆಶ್ಚರ್ಯ! ರವಿವಾರ ರಸ್ಸಾ ಸೈತ ಐತಿ, ಬಟ್ಟಲು ಸಣ್ಣದು ಅಷ್ಟ. ಹಂಗ ಉಂಡು, ನಡದು, ಮಲಗಿ... ಇಪ್ಪತ್ತು ಕಿಲೋ ಇಳೀತು! ಇಪ್ಪತ್ತು!

ಏನು?

ಏನೂ ಅನ್ನಲಿಲ್ಲ ಅಂದ್ರ ಆ ಮೀಸಿ ಯಾಕ ಅಲ್ಲಾಡಿತು? ಇಪ್ಪತ್ತು ಅಂದ್ರ ಇಪ್ಪತ್ತು. ತಾಲೀಮಿನಾಗ ಸತ್ಕಾರ ಮಾಡಿದ್ರಲ್ಲ, ಹಾರ ಹಾಕಿದ್ರಲ್ಲ! ನೀನಾ ಅಲ್ಲೇನು ನನ್ನ ತಲಿಗೆ ಕೇಸರಿ ಫೇಟಾ ಕಟ್ಟಿದಾವ? ಮೊಮ್ಮಗಳು ಋತುಜಾ ಹಲಗಿ ಮ್ಯಾಲ ಸುಣ್ಣದಾಗ ಬರದಿದ್ಲು, 'ನಮ್ಮ ವಸ್ತಾದರು ಉಂಡುಂಡು ಇಪ್ಪತ್ತು ಕಿಲೋ ಇಳಿಸಿದರು' ಅಂತ. ಆ ಹಲಗಿ ಇನ್ನೂ ಐತಿ.

ತಾಲೀಮಿನ್ಯಾಗ ಕುಸ್ತಿ ಕಲಿಯೂ ಆ ಹುಡುಗ್ಯಾರ ಸುದ್ದಿ ಗೊತ್ತಲ್ಲ ನಿನಗ. ಹಗುರ ತೂಕದ ಗುಂಪಿನ್ಯಾಗ ಕುಂದ್ರಾಕ ವಾರಗಟ್ಟಲೆ ಉಪವಾಸ. ಒಬ್ಬಾಕಿ ಅಖಾಡಾದ ಮಣ್ಣಿನ್ಯಾಗ ಬಸ್ಕಿ ಹೊಡಿಯೂ ಮುಂದ ಕಣ್ಣು ಕತ್ತಲಿಟ್ಟು ಬಿದ್ಲು. ನಮ್ಮ ಋತುಜಾನೂ ಏನು ಕಮ್ಮಿಲ್ಲ, ಗಲ್ಲ ಒಳಗ ಹೋಗಿದ್ವು. ನಾ ಎಷ್ಟು ಬಡಕೊಂಡೆ, 'ಉಣ್ರಿ ಮಕ್ಕಳ, ಉಂಡು ಕುಸ್ತಿ ಆಡ್ರಿ.' ಕೇಳಿದ್ರೇನು? ಮುದುಕ ಒದರತಾನ ಅಂದ್ರು. ಇಪ್ಪತ್ತು ಅಂದಮ್ಯಾಲ ನೋಡು, ಡಬ್ಬಿ ಬಿಚ್ಚಿದ್ರು! ಒಬ್ಬೊಬ್ಬರಾಗಿ ಬಿಚ್ಚಿದ್ರು. ಋತುಜಾ ನನ್ನ ಬಾಜೂಕ ಕುಂತು ಮಟಕಿಕಾಳಿನ ಉಸಳ ತಿಂದ್ಳು, ಎರಡನೇ ಸಲ ಕೈ ಚಾಚಿದ್ಳು. ಆ ಇಪ್ಪತ್ತಕ್ಕ ಅಷ್ಟು ತಾಕತ್ತು ಇತ್ತೋ.

ನಾಳೆ ನಾ ತೂಕ ನೋಡಿಸಾಕ ಹೋಗ್ತೀನಲ್ಲ, ಅಕೀನೂ ಬರ್ತಾಳ ದವಾಖಾನಿಗೆ. ಮೊಬೈಲ್ ತರ್ತಾಳಂತ. ಅಜೋಬಾ ತಕ್ಕಡಿ ಏರಿದ ಫೋಟೊ ತಗದು ಹುಡುಗ್ಯಾರಿಗೆಲ್ಲ ತೋರಸ್ತಾಳಂತ.

ತೋರಸ್ಲಿ. ನನಗೇನು?

...ಅಲ್ಲ, ಸೆಕಿ ಭಾಳ ಐತಿ ಇಲ್ಲಿ. ನೀ ಹೊರಗ ಹೋಗು. ಬೆವರು ಒರಸ್ಕೊಂಡು ಹೋಗು, ಡಬ್ಬಿ ಇರ್ಲಿ, ಹೌಸಾಗ ಹೇಳು, ಉಂಡಾನ ಅಂತ ಹೇಳು. ಸಂಜೀಕ ಬರ್ತೀನಿ. ಮನಿಗೆ ಬರ್ತೀನಿ ಅಂದ್ನಲ್ಲ!

ಏನದು? ಟೊಪಿಗಿ ಯಾಕ ತಗದಿ?

ಸರ್ಜೇರಾವ್. ಯಾಕ ಕುಂದ್ರಾಕತ್ತಿ? ನನ್ನ ಕಂಬಳಿ ಯಾಕ ಎಳೀತಿ? ಬಿಡು... ಬಿಡೋ! ಹೊದಕೋಬ್ಯಾಡ! ಹುಚ್ಚು ಹಿಡದೈತೇನು? ನಿನ್ನ ಎದ್ಯಾಗ ಸ್ಪ್ರಿಂಗ್ ಕುಂದರಿಸ್ಯಾರ, ಡಾಕ್ಟರು ಬಿಸಿಲಿಗೇ ಹೋಗಬ್ಯಾಡ ಅಂದಾರ, ನೀ ಬೆಲ್ಲದ ಒಲಿ ಮುಂದ ಕಂಬಳಿ ಹೊದ್ದು... ತೆಗಿ ಅದನ್ನ. ತೆಗಿ ಅಂದೆ. ಈಗ ನೀ ಬಿದ್ರ ಹೊತಗೊಂಡು ಓಡಾಕ ನನಗ ಆಗೂದಿಲ್ಲೋ! ನಾನೇ ಬಿದ್ರ ನನ್ನ ಹೊರಾಕ ನಿನಗೂ...

ಹಾಂ.

ಅದನ್ನ ತೋರಸಾಕೇ ಕುಂತೀಯೇನು?

ಮಾತಾಡೋ ಒಂದಾದ್ರೂ. ಜೀವನ ಪೂರಾ ನಾನಾ ಮಾತಾಡಬೇಕೇನು?

...ಆತು. ಆತಪಾ. ನಾ ತೆಗೀತೀನಿ, ನೋಡು, ತೆಗದೆ. ಬಿಸಾಕಿದೆ. ಈಗ ನೀನೂ ತೆಗಿ. ಹಾಂ, ಹಂಗ.

ಮುಂಜಾನಿಂದ ಕುಂತೀನಿ. ನಿನ್ನೆಯಿಂದ ಒಂದು ಗುಟುಕು ನೀರಿಲ್ಲ. ಭೈರೂ ಬ್ಯಾಡ ಅಂದ, ಬೈದು ಕಳಿಸಿದೆ ಅವನ್ನ.

ಇಪ್ಪತ್ತಲ್ಲೋ.

ಮೊದಮೊದಲು ಛಲೋ ಇಳೀತು. ಆಮ್ಯಾಲ ನಿಂತಬಿಡ್ತು. ಹೆಜ್ಜಿ ಹಿಂದ ಹೆಜ್ಜಿ ಹಾಕಿದ್ರೂ ತಕ್ಕಡಿ ಗೂಟಕ್ಕ ಕಟ್ಟಿದ ಎತ್ತಿನಂಗ ನಿಂತಬಿಡ್ತು. ಡಾಕ್ಟರ್‌ಬಾಯಿ ಹೆದರಬ್ಯಾಡ್ರಿ ಅಂದ್ಳು, ಮೈ ಒಂದೀಟು ಆರಾಮ ತಗೊಳ್ತೈತಿ, ಊಟ ಬಿಡಬ್ಯಾಡ್ರಿ, ನಡ್ಯೂದು ಬಿಡಬ್ಯಾಡ್ರಿ, ಮತ್ತ ಇಳೀತೈತಿ ಅಂದ್ಳು. ಅಷ್ಟರಾಗ ಋತುಜಾ ಕೇಳಿದ್ಲು, ಎಷ್ಟಾತು ಅಜೋಬಾ? ಹುಡುಗ್ಯಾರೆಲ್ಲ ಸುತ್ತ ನಿಂತಿದ್ರು. ನನ್ನ ಬಾಯಿ ಗೊತ್ತಲ್ಲ ನಿನಗ. ಎಮ್ಮಿಕರ ಹೊತ್ತ ಬಾಯಿ.

ಒಂಬತ್ತು. ಒಂಬತ್ತು ಕಿಲೋ, ಸರ್ಜೇರಾವ್.

ನಗು ಈಗ. ನಗೋ... ಯಾಕ ನಗವಲ್ಲಿ?

ನಿನಗ ಗೊತ್ತಿತ್ತೇನು? ...ಯಾವಾಗಿಂದ? ಫೇಟಾ ಕಟ್ಟೂ ಮುಂದ ಸೈತ?

ಗೊತ್ತಿದ್ದೂ ಕಟ್ಟಿದಿ.

ಆ ತಂಬಿಗಿ ಕೊಡು ಇತ್ತಾಗ. ಕೊಡೋ, ಸಾವಕಾಶ ಕುಡೀತೀನಿ.

...ಆಹಾ.

ಇನ್ನೊಂದು ಮಾತು ಹೇಳ್ಲೇನು? ಭೈರೂ ನನ್ನ ಕೊಪ್ಪರಿಗಿ ಕಾಯಾಕ ಬಿಟ್ಟು ಹೋಗಿಲ್ಲ. ಅವರು ಊಟಕ್ಕ ಹೋಗೂ ಮುಂದ ನಾನೂ ಏಳಬೇಕಂದೆ. ಮೊಣಕಾಲು ಹಟ ಹಿಡೀತು. ಮಂದಿ ಮುಂದ ತಿಣಕೂದು ಬ್ಯಾಡ ಅಂತ, ನೀವು ನಡೀರಿ, ನಾ ಬೆಲ್ಲ ಕಾಯ್ತೀನಿ ಅಂದೆ. ಹೋದ ಗಣಪತಿ ಹಬ್ಬದಾಗ ನೆನಪೈತಲ್ಲ, ಪಂಗತಿಯಾಗ ನೆಲಕ್ಕ ಕುಂತಾವನ್ನ ನಾಲ್ಕು ಮಂದಿ ಎತ್ತಿದ್ರು. ನಾಲ್ಕು ಪೈಲವಾನರು! ಎಲ್ಲಾರ ಎದುರಿಗೆ, ಕಬ್ಬಿನ ಗಾಡಿ ಕೆಸರಿನ್ಯಾಗಿಂದ ಎತ್ತಿದಂಗ. ಅವತ್ತಿನಿಂದ ನೆಲ ಕಂಡ್ರ ಹೆದರಿಕಿ ನನಗ. ಇವತ್ತು ಅದಾ ನೆಲಕ್ಕ ಬಂದು ಕುಂತೀನಿ.

ಕೈ ಚಾಚಬ್ಯಾಡ. ನೀ ಒಬ್ಬನಾ ನನ್ನ ಹ್ಯಾಂಗ ಎತ್ತತಿ? ನಿನ್ನ ಎಲುಬು ಪಟಪಟ ಮುರೀತಾವ, ಹೌಸಾ ನನ್ನ ಮನಿ ಒಳಗ ಬಿಡೂದಿಲ್ಲ. ಭೈರೂ ಬರ್ಲಿ, ಆಳುಗಳು ಬರ್ಲಿ...

ಹಟಮಾರಿ. ಆತು, ಹಿಡಕೋ. ಮುಂಗೈ ಅಲ್ಲೋ, ಮೊಣಕೈ ಹಿಡಿ, ಕುಸ್ತಿ ಡಾವು ಮರತಿಯೇನು? ಕಾಲು ಅಗಲ ಮಾಡಿ ನಿಂದ್ರು. ನಾ ಈ ಮೊಣಕಾಲು ಊರ್ತೀನಿ... ಅಯ್ಯಯ್ಯಯ್ಯೋ... ಇನ್ನೊಂದು... ಎಳೀಬ್ಯಾಡ, ಸುಮ್ಮನ ಹಿಡಕೊಂಡಿರು... ಜೈ ಭವಾನಿ...

ಹಾಂ.

ನಿಂತೀನೇನು? ನಿಂತೀನಿ. ಬಿಡಬ್ಯಾಡ, ತಡಿ, ಉಸಿರು ತಗೋತೀನಿ, ಬಿಡಬ್ಯಾಡ ಅಂದ್ರ...

ಬಿಟ್ಟೀಯೇನು? ಯಾವಾಗ ಬಿಟ್ಟಿ? ಮೊಣಕಾಲು ಊರಿದಾಗಲೇ?

...ನಾನಾ ಎದ್ದೆನೇನೋ?

ಗಣಪತಿ ಹಬ್ಬದಾಗ ನಾಲ್ಕು ಮಂದಿ. ಈಗ ನಿನ್ನ ಈ ಗಳದಂಥ ಕೈ, ಅದೂ ಅರ್ಧಕ್ಕ ಬಿಟ್ಟದ್ದು. ಒಂಬತ್ತು ಕಿಲೋ ಅಂದ್ರ... ಏನು, ಅಳೂದಿಲ್ಲೋ, ಹೊಗಿ ಕಣ್ಣಾಗ ಹೋತು. ಆಲೆಮನ್ಯಾಗ ಹೊಗಿ ಇರೂದಿಲ್ಲೇನು?

ಡಬ್ಬಿ ತಗೋ. ಹೊರಗ ನೆಳ್ಳಾಗ ಕುಂತು ಉಣ್ಣೂಣು, ನೆಲಕ್ಕ ಬ್ಯಾಡ, ಗಾಡಿ ಮ್ಯಾಲ ಕುಂದ್ರೂಣು. ಏನು ಮಾಡ್ಯಾಳ, ಮೆಂತ್ಯೆ ಪಲ್ಲೆ? ಮೂಗಿಗೆ ಬಡೀತು. ಸಾವಕಾಶ ನಡಿ, ನಿನಗಲ್ಲ, ನನಗ ಹೇಳ್ಕೊಳ್ಳಾಕತ್ತೀನಿ.

ನಾಳೆ ನಾನಾ ಹೇಳ್ತೀನಿ ಋತುಜಾಗ, ತಕ್ಕಡಿ ಏರೂಕಿಂತ ಮೊದಲ. ಒಂಬತ್ತು ಅಂತ. ಆ ಹಲಗಿ ಒರಸು ಅಂತ. ನಂಬಲಿಲ್ಲ, ಒಂಬತ್ತಾ ಅಂತ ಮೂಗು ಮುರಿದ್ಲು ಅಂದ್ರ ತಾಲೀಮಿಗೆ ಕರಕೊಂಡು ಹೋಗ್ತೀನಿ. ಎಲ್ಲಾ ಹುಡುಗ್ಯಾರ ಮುಂದ ಅಖಾಡಾದ ಮಣ್ಣಿನ್ಯಾಗ ಕುಂದ್ರತೀನಿ. ಕುಂತು ಏಳ್ತೀನಿ. ಯಾರ ಕೈನೂ ಹಿಡಿಯೂದಿಲ್ಲ ನಾನು!

ನೀ ಹಿಂದ ನಿಂದ್ರು. ದೂರ ನಿಂದ್ರು, ಯಾರಿಗೂ ಗೊತ್ತಾಗಬಾರದು...

ಆದ್ರ ನಿಂದ್ರು.